ಮೂರೇ ಫೌಲ್‌ಗೆ ಆಟಗಾರ ಹೊರಗೆ: ರೆಫರಿ ಮಾಡಿದ್ದು ಸರಿಯೇ?

ಅಮೆರಿಕದ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ನಿಮ್ಮ ಹುಡುಗನಿಗೆ ಆಗಿದ್ದದ್ದು ಮೂರೇ ಫೌಲ್, ಐದು ಆಗುವ ಮೊದಲೇ ಹೊರಗೆ ಕಳುಹಿಸಿದ್ದೇಕೆ ಎಂದು ಕೇಳಿದ್ದೀರಿ. ಆ ಮೂರರಲ್ಲಿ ಎರಡು ಟೆಕ್ನಿಕಲ್ (ಅನುಚಿತ ವರ್ತನೆಯಂಥದ್ದಕ್ಕೆ ಬೀಳುವ ಫೌಲ್) ಎಂದು ನೀವೇ ಬರೆದಿದ್ದೀರಿ. ಉತ್ತರ ಅಲ್ಲಿಯೇ ಇದೆ. ಅಮೆರಿಕದ ಹೈಸ್ಕೂಲ್ ಕ್ರೀಡೆಗಳಿಗೆ ನಿಯಮ ರೂಪಿಸುವ ಎನ್‌ಎಫ್‌ಎಚ್‌ಎಸ್ ಸಂಸ್ಥೆಯ ನಿಯಮದಲ್ಲಿ ಐದು ಫೌಲ್ ಒಂದು ಲೆಕ್ಕ, ಎರಡು ಟೆಕ್ನಿಕಲ್ ಇನ್ನೊಂದು ಲೆಕ್ಕ. ಯಾವುದು ಮೊದಲು ತುಂಬಿದರೂ ಆಟ ಮುಗಿಯಿತು. ಫ್ಲಾಗ್ರಂಟ್ (ಅತಿ ಗಂಭೀರ ಫೌಲ್) ಆಗಿದ್ದರೆ ಒಂದೇ ಸಾಕು.

ರಿಂಗಿಗೆ ಜೋತುಬಿದ್ದದ್ದೂ ಟೆಕ್ನಿಕಲ್ ಆಗುತ್ತದೆಯೇ ಎಂದರೆ, ಹೌದು. ತನಗಾಗಲಿ ಕೆಳಗಿರುವವರಿಗಾಗಲಿ ಪೆಟ್ಟಾಗದಿರಲೆಂದು ಹಿಡಿದುಕೊಂಡಿದ್ದರೆ ಮಾತ್ರ ವಿನಾಯಿತಿ. ಜನರಿಗೆ ತೋರಿಸಲು ತೂಗಾಡಿದರೆ ಯಾವ ರೆಫರಿಯೂ ಸುಮ್ಮನಿರುವುದಿಲ್ಲ, ಇರಲೂಬಾರದು.

ಹೊರಹಾಕಿದ ಮೇಲೂ ಅವನು ಬೆಂಚಿನಲ್ಲಿ ಕುಳಿತಿದ್ದದ್ದು ತಪ್ಪಲ್ಲ. ವಿದ್ಯಾರ್ಥಿಯನ್ನು ನೋಡಿಕೊಳ್ಳುವವರಿಲ್ಲದೆ ಆಚೆಗೆ ಅಟ್ಟುವಂತಿಲ್ಲ. ಆದರೆ ಕೋಚ್ ಎಚ್ಚರದಿಂದಿರಬೇಕಾದದ್ದು ಇಲ್ಲಿಯೇ: ಈಗ ಆ ಹುಡುಗ ಬೆಂಚಿನ ಸದಸ್ಯ. ಅಲ್ಲಿಂದ ರೆಫರಿಯನ್ನು ಹೀಯಾಳಿಸಿದರೆ ಬೀಳುವ ಟೆಕ್ನಿಕಲ್ ಮುಖ್ಯ ಕೋಚ್ ಹೆಸರಿಗೂ ಪರೋಕ್ಷವಾಗಿ ಸೇರುತ್ತದೆ, ಅವರು ಕೋಚಿಂಗ್ ಬಾಕ್ಸಿನಲ್ಲಿ (ಬೆಂಚಿನ ಬಳಿ ಕೋಚ್‌ಗೆಂದು ಗುರುತಿಸಿದ ಜಾಗ) ನಿಲ್ಲುವ ಸೌಲಭ್ಯವೂ ಹೋಗುತ್ತದೆ. ನೇರವಾಗಿ ಎರಡು, ಇಲ್ಲವೇ ಎಲ್ಲ ಸೇರಿ ಮೂರು ಆದರೆ ಕೋಚ್ ಕೂಡ ಹೊರಗೆ. ಅವರು ಹುಡುಗನಂತೆ ಬೆಂಚಿನಲ್ಲಿ ಉಳಿಯುವಂತಿಲ್ಲ, ಅಂಗಣವನ್ನೇ ಬಿಡಬೇಕು.

ಟೆಕ್ನಿಕಲ್‌ಗೆ ಎದುರಾಳಿಗೆ ಎರಡು ಫ್ರೀ ಥ್ರೋ (ಯಾರೂ ತಡೆಯದ ಎಸೆತ) ಕೊಟ್ಟು ಚೆಂಡನ್ನೂ ಕೊಟ್ಟದ್ದು ಅನ್ಯಾಯವೆಂದು ನಿಮಗೆ ಅನಿಸಿದೆ. ನೀವು ನೆನೆದಿರುವ ಒಂದೇ ಫ್ರೀ ಥ್ರೋ ಎಂಬುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಫೀಬಾದ ನಿಯಮ. ಅದು ಈ ಪಂದ್ಯಕ್ಕೆ ಅನ್ವಯಿಸುವುದಿಲ್ಲ. ಮುಂದಿನ ಪಂದ್ಯಕ್ಕೂ ನಿಷೇಧವಿದೆಯೇ ಎಂಬುದನ್ನು ನಿಮ್ಮ ರಾಜ್ಯದ ಕ್ರೀಡಾ ಸಂಘದವರನ್ನು ಇವತ್ತೇ ವಿಚಾರಿಸಿ.