ಪ್ರತಿಕ್ರಿಯೆ: ಝೆಫಿರ್ ಡಯಟ್‌ಗೆ ಆಗುತ್ತಾ, ವೆಜ್ಜಾ?

ಫ್ಯಾಟ್ ಇಲ್ಲ ಅಂತ ಬರ್ದಿದಾರೆ, ಹಾಗಾದ್ರೆ ರಷ್ಯನ್ ಝೆಫಿರ್ (ಸೇಬಿನ ನೊರೆಯ ಮೆತ್ತನೆ ಸಿಹಿ) ದಿನಾ ತಿನ್ಬಹುದಾ, ಜೆಲಾಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯೋದು) ಇರುತ್ತಾ ಅಂತ ಕೇಳಿದ್ರಲ್ಲ, ಫ್ಯಾಟ್ ಇಲ್ದೇ ಇರೋದು ನಿಜಾನೇ ಆದ್ರೆ ಅದೇ ಪ್ಯಾಕೆಟ್ ತಿರುಗ್ಸಿ ನೋಡಿ, 100 ಗ್ರಾಂಗೆ 300 ಕ್ಯಾಲರಿ ಮೇಲೇನೇ ಇರುತ್ತೆ, ಕಾರ್ಬ್ಸ್ 80 ಗ್ರಾಂ ಹತ್ರ, ಅದ್ರಲ್ಲಿ ಮುಕ್ಕಾಲುವಾಸಿ ಸಕ್ಕರೆ, ಪ್ರೋಟೀನ್ ಅಂತೂ ಹೆಸರಿಗಷ್ಟೇ. ದಿನಾ ಬೇಡ, ಶುಗರ್ ಇದ್ರಂತೂ ಬೇಡ್ವೇ ಬೇಡ.

ಮಾಡೋದು ಹೇಗೆ ಅಂದ್ರೆ ಸೇಬಿನ ಪ್ಯೂರೆಗೆ ಮೊಟ್ಟೆ ಬಿಳಿ ಹಾಕಿ ಗಟ್ಟಿ ನೊರೆ ಬರೋ ತನಕ ಬೀಟ್ ಮಾಡ್ತಾರೆ, ಆಮೇಲೆ ಅಗರ್ (ಗಟ್ಟಿ ಆಗೋಕೆ ಹಾಕೋದು) ಹಾಕಿ ಕುದಿಸಿದ ಸಕ್ಕರೆ ಪಾಕನ ಬಿಸಿ ಇರೋವಾಗ್ಲೇ ಎಳೆಯಾಗಿ ಸುರೀತಾ ಮತ್ತೆ ಬೀಟ್ ಮಾಡಿ, ಗುಲಾಬಿ ಹೂವಿನ ಥರ ಹಿಂಡಿ ಒಣಗಿಸಿ, ಎರಡೆರಡು ಅಂಟಿಸ್ತಾರೆ. ಅಂತೋನೊವ್ಕಾ ಅನ್ನೋ ಹುಳಿ ಸೇಬೇ ಬೆಸ್ಟು, ಗಟ್ಟಿಯಾಗಿಸೋ ಪೆಕ್ಟಿನ್ ಅಂಶ ಜಾಸ್ತಿ ಇರುತ್ತೆ. ಅಗರ್ ಸಮುದ್ರದ ಪಾಚಿದು, ಕೆಲವು ಕಂಪನಿ ಜೆಲಾಟಿನ್ನೂ ಹಾಕ್ತಾರೆ ಲೇಬಲ್ ಓದಿ, ಆದ್ರೆ ಮೊಟ್ಟೆ ತಿನ್ನಲ್ಲ ಅಂದ್ರೆ ಝೆಫಿರೇ ಆಗಲ್ಲ, ಆ ಪ್ರಶ್ನೆನೇ ಬರಲ್ಲ ಬಿಡಿ 😄

ಆಸೆ ತಡಿಯಕ್ಕಾಗ್ದಿದ್ರೆ ರಷ್ಯಾದ ತೂಲಾ ಕಡೆಯ ಬೆಲ್ಯೋವ್ ಊರಿನ ಪಸ್ತಿಲಾ ಅನ್ನೋ ಸಿಹಿ ಹುಡುಕಿ, ಬೇಕ್ ಮಾಡಿದ ಸೇಬಿನ ನೊರೆನ ನಿಧಾನಕ್ಕೆ ಒಣಗಿಸಿ ಪದರ ಪದರ ಜೋಡ್ಸಿರ್ತಾರೆ, ಸಕ್ಕರೆ ಹಾಕ್ದೇ ಇರೋದೂ ಸಿಗುತ್ತೆ, ನಂಗಂತೂ ಝೆಫಿರ್‌ಗಿಂತ ಅದೇ ಇಷ್ಟ.