ಹೆಣ್ಣು ಕೊಟ್ಟು ತರುವ ಊರುಗಳು ಒಟ್ಟಿಗೆ ಕೂರಬೇಕು

ನೀವು ಮೈಸೂರಿನವರು. ತಾಯಿಯ ವರ್ಷದ ಕಾರ್ಯಕ್ಕೆಂದು ಎತ್ತಿಟ್ಟ ಹಣದಲ್ಲಿ ಒಂದು ಪಾಲನ್ನು ಹೆಣ್ಣುಮಕ್ಕಳ ಜನನಾಂಗ ಛೇದನ ನಿಲ್ಲಿಸಲು ದುಡಿಯುವವರಿಗೆ ಕೊಡಬೇಕೆಂದಿದ್ದೀರಿ. ಇಷ್ಟು ವರ್ಷಗಳಿಂದ ಸಂಘ ಸಂಸ್ಥೆಗಳು ಕೆಲಸ ಮಾಡಿದರೂ ಆ ಪದ್ಧತಿ ನಿಂತಿಲ್ಲವಲ್ಲ, ಕೊಟ್ಟ ಹಣ ದಂಡವಾಗುವುದಿಲ್ಲವೇ, ಕೊಡುವುದಾದರೆ ಯಾರಿಗೆ ಕೊಡಬೇಕು ಎಂದು ಕೇಳಿದ್ದೀರಿ.

ದಂಡವಾಗುವುದಿಲ್ಲ. ಆದರೆ ಎಂಥ ಕೆಲಸಕ್ಕೆ ಕೊಡುತ್ತೀರಿ ಅನ್ನುವುದು ಮುಖ್ಯ. ನಾನು ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಎ.ಎನ್.ಎಂ. (ಮನೆಮನೆಗೆ ಹೋಗುವ ಸರ್ಕಾರಿ ನರ್ಸಮ್ಮ) ಆಗಿದ್ದು ನಿವೃತ್ತಳಾದವಳು. ಛೇದನವನ್ನು ಕಣ್ಣಾರೆ ಕಂಡವಳಲ್ಲ. ನಾನು ಕಂಡಿದ್ದು ಬಾಲ್ಯವಿವಾಹ, ಹೆಣ್ಣು ಭ್ರೂಣಹತ್ಯೆ. ಇವುಗಳ ವಿರುದ್ಧ ಓಡಾಡುವಾಗಲೇ ಆಫ್ರಿಕಾದ ಹೆಂಗಸರು ಛೇದನವನ್ನು ಹೇಗೆ ಎದುರಿಸಿದರು ಎಂದು ಹುಡುಕಿ ಓದತೊಡಗಿದೆ. ಓದುತ್ತಾ ಹೋದಂತೆ ನಮ್ಮ ತಾಲ್ಲೂಕಿನ ಕಥೆಯನ್ನೇ ಓದುತ್ತಿದ್ದೇನೆ ಅನ್ನಿಸಿತು.

ಮೊದಲು ವಿಷಯ ಏನೆಂದು ಬಿಚ್ಚಿ ಹೇಳಿಬಿಡುತ್ತೇನೆ, ನಾಚಿಕೆ ಪಟ್ಟುಕೊಂಡು ಹೇಳುವ ಮಾತಲ್ಲ ಇದು. ವಿಶ್ವ ಆರೋಗ್ಯ ಸಂಸ್ಥೆ ಇದರಲ್ಲಿ ನಾಲ್ಕು ಬಗೆ ಗುರುತಿಸಿದೆ. ಭಗಾಂಕುರವನ್ನು (ಜನನಾಂಗದ ಮೇಲ್ತುದಿಯ ಸೂಕ್ಷ್ಮ ಭಾಗ) ಅಥವಾ ಅದರ ಮೇಲಿನ ಚರ್ಮವನ್ನು ಕತ್ತರಿಸುವುದು ಒಂದು. ಅದರ ಜೊತೆಗೆ ಜನನಾಂಗದ ಒಳತುಟಿಗಳನ್ನೂ ತೆಗೆಯುವುದು ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ಕ್ರೂರ: ತುಟಿಗಳನ್ನು ಕತ್ತರಿಸಿ, ಗಾಯದ ಅಂಚುಗಳನ್ನು ಕೂಡಿಸಿ, ಮೂತ್ರಕ್ಕೂ ಮುಟ್ಟಿಗೂ ಒಂದು ಸಣ್ಣ ತೂತು ಮಾತ್ರ ಬಿಡುತ್ತಾರೆ. ಮದುವೆಯಾದ ಮೇಲೆ ಅದನ್ನು ಬಿಡಿಸಬೇಕು, ಹೆರಿಗೆಗೆ ಮತ್ತೆ ಕೊಯ್ಯಬೇಕು. ಚುಚ್ಚುವುದು, ಗೀರುವುದು, ಸುಡುವುದು ಇವೆಲ್ಲ ನಾಲ್ಕನೆಯ ಬಗೆ. ಯಾವುದರಿಂದಲೂ ದೇಹಕ್ಕೆ ಒಂದಿಷ್ಟೂ ಉಪಯೋಗವಿಲ್ಲ. ಹೆರಿಗೆಯಲ್ಲಿ ನಾಲ್ಕು ಹೊಲಿಗೆ ಬಿದ್ದ ಬಾಣಂತಿ ಮೊದಲ ಸಲ ಮೂತ್ರಕ್ಕೆ ಕೂರುವಾಗ ಗೋಡೆ ಹಿಡಿದುಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಳ್ಳುವುದನ್ನು ನಾನು ಎಷ್ಟೋ ಸಲ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅವರಿಗೆ ಮರಗಟ್ಟಿಸುವ ಸೂಜಿ ಕೊಟ್ಟಿರುತ್ತೇವೆ, ಸ್ವಚ್ಛ ಮಾಡಿರುತ್ತೇವೆ, ಮಾತ್ರೆ ಇರುತ್ತದೆ. ಏಳೆಂಟು ವರ್ಷದ ಮಗುವಿಗೆ ಇದು ಯಾವುದೂ ಇಲ್ಲದೆ, ನಾಲ್ಕು ಜನ ಕೈಕಾಲು ಹಿಡಿದುಕೊಂಡು ಮಾಡಿದರೆ? ನನಗೆ ಅದರಾಚೆ ಯೋಚಿಸಲು ಆಗುವುದಿಲ್ಲ.

ಯುನಿಸೆಫ್ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಹೀಗೆ ಛೇದನಕ್ಕೆ ಒಳಗಾಗಿ ಬದುಕಿರುವವರು 23 ಕೋಟಿಗೂ ಹೆಚ್ಚು. ಆಫ್ರಿಕಾದಲ್ಲಿ 14 ಕೋಟಿಗೂ ಮಿಕ್ಕಿ, ಏಷ್ಯಾದಲ್ಲಿ 8 ಕೋಟಿಯಷ್ಟು.

ಮಾಡಿಸುವವರು ಯಾರು? ಹೆಚ್ಚಾಗಿ ಮನೆಯ ಹೆಂಗಸರೇ. ಪೂರ್ವ ಆಫ್ರಿಕಾದ ಸೊಮಾಲಿಲ್ಯಾಂಡಿನ ಎಡ್ನಾ ಅದಾನ್ ಇಸ್ಮಾಯಿಲ್ ನರ್ಸ್ ಕೆಲಸದಲ್ಲಿ ನಮಗೆಲ್ಲ ದೊಡ್ಡಕ್ಕನಂಥವರು. ಅವರ ತಂದೆ ಸ್ವತಃ ಡಾಕ್ಟರು. ಆ ತಂದೆ ಊರಲ್ಲಿ ಇಲ್ಲದ ಹೊತ್ತು ನೋಡಿ, ತಾಯಿ ಮತ್ತು ಅಜ್ಜಿ ಸೇರಿ ಸುಮಾರು ಎಂಟು ವರ್ಷದ ಎಡ್ನಾಗೆ ಛೇದನ ಮಾಡಿಸಿದರು. ಅವರೇನು ಮಗಳ ಮೇಲೆ ಹಗೆ ಇದ್ದವರೇ? ಮಾಡಿಸದಿದ್ದರೆ ನಾಳೆ ಈ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಅನ್ನುವ ಭಯ. ಎಡ್ನಾ ಬ್ರಿಟನ್ನಿನಲ್ಲಿ ನರ್ಸಿಂಗ್ ಮತ್ತು ಸೂಲಗಿತ್ತಿ ತರಬೇತಿ ಪಡೆದು ಬಂದು, 1970ರ ದಶಕದಲ್ಲೇ ತುಂಬಿದ ಸಭೆಯಲ್ಲಿ ಇದರ ಬಗ್ಗೆ ಬಾಯಿ ಬಿಟ್ಟು ಮಾತಾಡಿದರು. 2002ರಲ್ಲಿ ಅಲ್ಲಿನ ರಾಜಧಾನಿ ಹರ್ಗೈಸಾದಲ್ಲಿ ಹೆರಿಗೆ ಆಸ್ಪತ್ರೆ ತೆರೆದರು. ಅಲ್ಲಿ ತರಬೇತಿಯಾದ ಸೂಲಗಿತ್ತಿಯರು ಈಗ ಹಳ್ಳಿಗಳಲ್ಲಿದ್ದಾರೆ.

ಈಗ ನಮ್ಮ ಕಡೆಯ ಒಂದು ಮಾತು. ಮಳವಳ್ಳಿ ಕಡೆಯ ಒಂದು ಊರಿನಲ್ಲಿ ಎಸ್ಸೆಸ್ಸೆಲ್ಸಿ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ಹುಡುಗಿಗೆ ಮದುವೆ ಗೊತ್ತಾಗಿತ್ತು. ಅಂಗನವಾಡಿ ಟೀಚರ್ ಮತ್ತು ನಾನು ಮೇಲಿನವರಿಗೆ ತಿಳಿಸಿದೆವು. ಅಧಿಕಾರಿಗಳು, ಪೊಲೀಸರು ಛತ್ರಕ್ಕೇ ಬಂದರು. ಹುಡುಗಿಯ ತಂದೆ ಮುಚ್ಚಳಿಕೆಗೆ ರುಜು ಹಾಕಿದ. ಚಪ್ಪರ ಬಿಚ್ಚಿದರು, ಮಾಡಿದ ಅಡಿಗೆ ಹಂಚಿದರು. ಸ್ವಲ್ಪ ದಿನ ಕಳೆದ ಮೇಲೆ ಬೇರೆ ಜಿಲ್ಲೆಯ ದೇವಸ್ಥಾನದಲ್ಲಿ ಅದೇ ಹುಡುಗನಿಗೇ ತಾಳಿ ಕಟ್ಟಿಸಿಬಿಟ್ಟಿದ್ದರು. ನಾನು ಮನೆಗೆ ಹೋದಾಗ ತಾಯಿ ಒರಳುಕಲ್ಲಿನ ಹತ್ತಿರ ಕೂತು ಅವರೆಕಾಳು ಹಿಸುಕುತ್ತಿದ್ದಳು, ತಲೆ ಎತ್ತದೆ ಹೇಳಿದಳು: "ನಮ್ ಮನೇಲೊಬ್ಳುನ್ನ ಇಪ್ಪತ್ತೊರ್ಸ ಇಟ್ಕಂಡ್ರೆ, ಆಮೇಕೆ ಗಂಡು ಎಲ್ಲಿಂದ ತರದವ್ವ ನರ್ಸಮ್ಮ? ಎಲ್ಲಾರೂ ಇಟ್ಕಳ್ಳಿ, ನಾನೂ ಇಟ್ಕತೀನಿ."

ಆ ಹೆಂಗಸಿನ ಮಾತಿನಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ ಎಂದು ನಾನು ನಂಬಿದ್ದೇನೆ. ಕಾನೂನು ನಮ್ಮ ಮೈಸೂರು ಸೀಮೆಗೆ ಹೊಸದೇನಲ್ಲ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ಕೂಡದು, ಐವತ್ತು ದಾಟಿದ ಗಂಡಸು ಹದಿನಾಲ್ಕರ ಒಳಗಿನ ಹುಡುಗಿಯನ್ನು ಮದುವೆಯಾಗಕೂಡದು ಎಂದು ಮೈಸೂರು ಸಂಸ್ಥಾನ 1894ರಲ್ಲೇ ಕಾನೂನು ಮಾಡಿತ್ತು. ಕಾನೂನು ಬೇಕು, ಅದಿಲ್ಲದಿದ್ದರೆ ನಮ್ಮಂಥವರ ಮಾತಿಗೆ ಬೆಲೆಯೇ ಇರುವುದಿಲ್ಲ. ಆದರೆ ಒಂದು ಮನೆಯವರನ್ನು ಮಾತ್ರ ತಡೆದರೆ ಆ ಮನೆ ಒಂಟಿಯಾಗುತ್ತದೆ. ಸೊಸೆ ತರುವ ಊರು, ಮಗಳು ಕೊಡುವ ಊರು ಎರಡೂ ಒಟ್ಟಿಗೆ ಬದಲಾಗಬೇಕು. ನಮ್ಮಲ್ಲಿ ಆಮೇಲೆ ಸ್ತ್ರೀಶಕ್ತಿ ಸಂಘದ ಹೆಂಗಸರು ಅವರವರ ತವರೂರಿನ ಸಂಘದವರನ್ನೂ ಕರೆಸಿ ಮಾತಾಡಿಸತೊಡಗಿದ ಮೇಲೆಯೇ ಹುಡುಗಿಯರು ಪಿಯುಸಿ ಮೆಟ್ಟಿಲು ಹತ್ತಿದ್ದು. ಬೀಗರ ಮನೆಯವರ ಬಾಯಿಂದಲೇ "ಓದಿದ ಹುಡುಗೀನೇ ಬೇಕು" ಎಂದು ಬಂದಾಗ ತಾಯಂದಿರ ಭಯ ತಾನಾಗಿ ಇಳಿಯಿತು.

ಇದೇ ಬುದ್ಧಿ ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ಒಬ್ಬ ಹಳ್ಳಿ ಹಿರಿಯನಿಗೆ ಹೊಳೆದಿತ್ತು. ಅಲ್ಲಿ ಟೋಸ್ಟಾನ್ ಎಂಬ ಸಂಸ್ಥೆ 1991ರಿಂದ ಇದೆ, ಕಟ್ಟಿದವರು ಮಾಲಿ ಮೆಲ್ಚಿಂಗ್ ಎಂಬ ಅಮೆರಿಕನ್ ಮಹಿಳೆ. ಇವರು ಊರಿಗೆ ಬಂದ ಮೊದಲ ದಿನವೇ ಛೇದನ ನಿಲ್ಲಿಸಿ ಎನ್ನುವವರಲ್ಲ. ಅವರವರ ಭಾಷೆಯಲ್ಲೇ ಅಕ್ಷರ, ಲೆಕ್ಕ, ಆರೋಗ್ಯ, ಹಕ್ಕು ಇವುಗಳ ಪಾಠ ವರ್ಷಗಟ್ಟಲೆ ನಡೆಯುತ್ತದೆ. ಆ ಪಾಠದಲ್ಲಿ ಕೂತಿದ್ದ ಮಾಲಿಕುಂಡಾ ಬಂಬಾರಾ ಎಂಬ ಊರಿನ ಹೆಂಗಸರು 1997ರ ಜುಲೈನಲ್ಲಿ, ಇನ್ನು ನಮ್ಮ ಊರಿನಲ್ಲಿ ಹೆಣ್ಣುಮಕ್ಕಳಿಗೆ ಛೇದನ ಮಾಡುವುದಿಲ್ಲ ಎಂದು ಬಹಿರಂಗವಾಗಿ ಸಾರಿದರು. ಸುತ್ತಲಿನವರು ಅವರ ಮೇಲೆ ಮುರಿದುಕೊಂಡು ಬಿದ್ದರು. ಆಗ ಕೇರ್ ಸಿಂಬಾರಾ ಊರಿನ ಇಮಾಮ್ ಡೆಂಬಾ ಡಿಯಾವರಾ, ಒಂದು ಊರು ನಿಲ್ಲಿಸಿದರೆ ಸಾಲದು, ನಮ್ಮ ನೆಂಟಸ್ತನ ಇರುವುದು ಹತ್ತಾರು ಊರುಗಳಲ್ಲಿ, ಅವರೆಲ್ಲರನ್ನೂ ಕೇಳಬೇಕು ಎಂದರು. ವಯಸ್ಸಾದ ಮನುಷ್ಯ, ನೆಂಟರಿರುವ ಊರೂರಿಗೂ ನಡೆದುಕೊಂಡೇ ಹೋದರು. ಯಾರನ್ನೂ ಪಾಪಿಗಳು ಅನ್ನಲಿಲ್ಲ, ಹಿರಿಯರನ್ನು ಹೀಗಳೆಯಲಿಲ್ಲ. ಕೂತು ಮಾತಾಡಿದರು, ಅವರ ಹೆಂಗಸರ ನೋವನ್ನು ಕೇಳಿಸಿಕೊಂಡರು. 1998ರ ಫೆಬ್ರುವರಿಯಲ್ಲಿ ಡಿಯಾಬುಗು ಎಂಬಲ್ಲಿ 13 ಹಳ್ಳಿಗಳು ಸೇರಿ ಒಟ್ಟಿಗೆ ಘೋಷಣೆ ಮಾಡಿದವು. ಮರುವರ್ಷ ಸೆನೆಗಲ್ ಸರ್ಕಾರ ಕಾನೂನನ್ನೂ ತಂದಿತು.

ಘೋಷಣೆ ಮಾಡಿದ ಊರಿನಲ್ಲೆಲ್ಲ ಪದ್ಧತಿ ಪೂರ್ತಿ ನಿಂತಿದೆ ಎಂದು ನಾನು ಹೇಳುವುದಿಲ್ಲ. ಸೆನೆಗಲ್ ದೇಶದ ಒಟ್ಟು ಪ್ರಮಾಣ 2005ರಲ್ಲಿ ಶೇ. 28 ಇದ್ದದ್ದು 2019ರಲ್ಲೂ ಶೇ. 25ರ ಸುತ್ತಲೇ ಇತ್ತು. ಈ ಅಂಕಿ ನೋಡಿ ಕೈ ಚೆಲ್ಲಬೇಡಿ. 15ರಿಂದ 49 ವಯಸ್ಸಿನವರನ್ನೆಲ್ಲ ಸೇರಿಸಿ ಎಣಿಸುವ ಲೆಕ್ಕ ಅದು. ಮೂವತ್ತು ವರ್ಷದ ಹಿಂದೆ ಛೇದನವಾದವಳು ಇವತ್ತಿಗೂ ಲೆಕ್ಕದಲ್ಲಿರುತ್ತಾಳೆ. ಚಿಕ್ಕವರನ್ನು ಮಾತ್ರ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಬುರ್ಕಿನಾ ಫಾಸೊದಲ್ಲಿ 15ರಿಂದ 19 ವಯಸ್ಸಿನವರ ಪೈಕಿ ಮೂರು ದಶಕಗಳಲ್ಲಿ ಶೇ. 82ರಿಂದ ಶೇ. 39ಕ್ಕೆ ಇಳಿದಿದೆ. ಕೀನ್ಯಾದಲ್ಲಿ ಒಟ್ಟು ಪ್ರಮಾಣವೇ 1998ರಲ್ಲಿ ಶೇ. 38 ಇದ್ದದ್ದು 2022ರ ಹೊತ್ತಿಗೆ ಶೇ. 15. ಆದರೆ 2030ರೊಳಗೆ ಇದನ್ನು ಕೊನೆಗಾಣಿಸಬೇಕೆಂಬ ವಿಶ್ವಸಂಸ್ಥೆಯ ಗುರಿ ಮುಟ್ಟಲು ಈಗಿನ ವೇಗ ಏನೇನೂ ಸಾಲದು, 27 ಪಟ್ಟು ಹೆಚ್ಚಬೇಕು ಎನ್ನುತ್ತದೆ ಯುನಿಸೆಫ್. ಹಿಂದಕ್ಕೆ ಜಾರುವ ಅಪಾಯವೂ ಇದೆ. 2015ರಲ್ಲಿ ನಿಷೇಧ ತಂದಿದ್ದ ಗ್ಯಾಂಬಿಯಾದಲ್ಲಿ ಅದನ್ನು ರದ್ದು ಮಾಡುವ ಮಸೂದೆಯೇ ಸಂಸತ್ತಿಗೆ ಬಂದಿತ್ತು. ಛೇದನಕ್ಕೆ ಒಳಗಾದ ಹೆಂಗಸರೇ ಮುಂದೆ ನಿಂತು ಹೋರಾಡಿದರು, 2024ರ ಜುಲೈನಲ್ಲಿ ಮಸೂದೆ ಬಿದ್ದುಹೋಯಿತು. ಅಂಥ ಹೊತ್ತಿನಲ್ಲಿ ಅವರ ಬಸ್ ಚಾರ್ಜಿಗೂ ವಕೀಲರ ಫೀಜಿಗೂ ಬೇಕಾಗುವುದು ನಿಮ್ಮಂಥವರು ಕೊಟ್ಟ ಹಣವೇ.

ನನ್ನನ್ನು ಅತಿ ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಈಗ ಛೇದನವಾದವರಲ್ಲಿ ನಾಲ್ವರಲ್ಲಿ ಒಬ್ಬಳಿಗೆ ಅದನ್ನು ಮಾಡಿದವರು ಆರೋಗ್ಯ ಸಿಬ್ಬಂದಿ. ಈಜಿಪ್ಟಿನಲ್ಲಿ 2013ರಲ್ಲಿ 13 ವರ್ಷದ ಹುಡುಗಿ ಸತ್ತದ್ದು ಡಾಕ್ಟರ ಕ್ಲಿನಿಕ್ಕಿನಲ್ಲಿ. ಸ್ವಚ್ಛವಾಗಿ ಮಾಡುತ್ತೇವೆ ಎನ್ನುವ ನೆಪ ಅವರದು. ನಮ್ಮ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣೋ ಗಂಡೋ ಹೇಳುತ್ತಿದ್ದ ಜಾಲ 2023ರಲ್ಲಿ ಬಯಲಾದಾಗ ನಾನು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ನಮ್ಮ ವೃತ್ತಿಯ ವಿದ್ಯೆಯನ್ನೇ ಹೆಣ್ಣಿನ ಮೇಲೆ ತಿರುಗಿಸುವುದು ಇದು. ಹಾಗಾಗಿ ನರ್ಸುಗಳಿಗೆ, ವೈದ್ಯರಿಗೆ ಇದನ್ನು ಮಾಡಬಾರದೆಂದು ಕಲಿಸುವ, ಮಾಡಿದವರನ್ನು ಕೋರ್ಟಿಗೆ ಎಳೆಯುವ ಕೆಲಸಕ್ಕೆ ಹಣ ಹೋದರೆ ನನಗೆ ಸಂತೋಷ.

ಭಾರತದಲ್ಲಿ ಇದು ಮುಖ್ಯವಾಗಿ ದಾವೂದಿ ಬೋಹ್ರಾ ಎಂಬ ಮುಸ್ಲಿಂ ಪಂಗಡದಲ್ಲಿ, ಖತ್ನಾ ಎಂಬ ಹೆಸರಿನಲ್ಲಿ, ಏಳು ವರ್ಷದ ಆಸುಪಾಸಿನ ಹುಡುಗಿಯರಿಗೆ ನಡೆಯುತ್ತದೆ. ಇದನ್ನು ಮುಸ್ಲಿಮರನ್ನು ಬೈಯಲು ಬಳಸುವವರ ಜೊತೆ ದಯವಿಟ್ಟು ಸೇರಬೇಡಿ. ಮಂಡ್ಯದ ಎಷ್ಟೋ ಮುಸ್ಲಿಂ ಮನೆಗಳ ಬಾಣಂತನ ನಾನು ನೋಡಿದ್ದೇನೆ, ಇಂಥದ್ದು ಅವರ ಕಿವಿಗೂ ಬಿದ್ದಿರಲಿಲ್ಲ. ಆಫ್ರಿಕಾದಲ್ಲಿ ಕ್ರೈಸ್ತರಲ್ಲೂ ಈ ಪದ್ಧತಿ ಇದೆ. ಇಲ್ಲಿ ದನಿ ಎತ್ತಿದವರು ಬೋಹ್ರಾ ಹೆಣ್ಣುಮಕ್ಕಳೇ. 2015ರಲ್ಲಿ ಶುರುವಾದ ಸಹಿಯೋ ಸಂಸ್ಥೆ, ಮಾಸೂಮಾ ರನಾಲ್ವಿ ಮುಂದೆ ನಿಂತ ವೀ ಸ್ಪೀಕ್ ಔಟ್ ಎರಡೂ ಅವರವೇ. ಸಹಿಯೋದವರು ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಊಟ ಮಾಡುವ ತಮ್ಮ ಸಮುದಾಯದ ರೂಢಿಯನ್ನೇ ಹಿಡಿದು, ಹೆಂಗಸರು ಉಣ್ಣುತ್ತಾ ಖತ್ನಾ ಬಗ್ಗೆ ಮಾತಾಡುವ ಕೂಟಗಳನ್ನು ನಡೆಸಿದ್ದಾರೆ. ಎಂಥ ಜಾಣ ಕೆಲಸ ಅದು! ಸಭೆ, ಮೈಕು, ಬ್ಯಾನರ್ ಇದ್ದಲ್ಲಿ ಯಾವ ಹೆಂಗಸು ತನ್ನ ಮೈಯ ಮಾತು ಆಡುತ್ತಾಳೆ? ಸುಪ್ರೀಂ ಕೋರ್ಟಿಗೆ 2017ರಲ್ಲಿ ಅರ್ಜಿ ಹೋಯಿತು, ಮರುವರ್ಷ ಕೇಂದ್ರ ಸರ್ಕಾರವೂ ಇದು ಆಗ ಇದ್ದ ದಂಡಸಂಹಿತೆ ಮತ್ತು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ) ಅಡಿಯಲ್ಲಿ ಅಪರಾಧವೇ ಎಂದು ಕೋರ್ಟಿಗೆ ಹೇಳಿತು. ಆಮೇಲೆ ವಿಷಯ ದೊಡ್ಡ ಪೀಠಕ್ಕೆ ಹೋಯಿತು. ಇದಕ್ಕೆಂದೇ ಪ್ರತ್ಯೇಕ ಕಾನೂನು ಬರಬೇಕೆಂದು ಈ ಹೆಣ್ಣುಮಕ್ಕಳು ಕೇಳುತ್ತಲೇ ಬಂದಿದ್ದಾರೆ.

ಹಾಗಾದರೆ ಹಣ ಯಾರಿಗೆ? ಕೊಡುವ ಮುಂಚೆ ಒಂದು ಪತ್ರ ಬರೆದು ಕೇಳಿ: ನಿಮ್ಮಲ್ಲಿ ಮುಂದೆ ನಿಂತು ತೀರ್ಮಾನ ಮಾಡುವವರು ಆ ಸಮುದಾಯದ ಹೆಂಗಸರೇ? ಒಂದು ಊರಿನಲ್ಲಿ ಎಷ್ಟು ವರ್ಷ ಇರುತ್ತೀರಿ? ಅವರ ನೆಂಟರ ಊರುಗಳಿಗೂ ಹೋಗುತ್ತೀರಾ? ನೇರವಾಗಿ ಉತ್ತರ ಕೊಟ್ಟವರನ್ನು ನಂಬಬಹುದು. ಅಳುವ ಮಗುವಿನ ಫೋಟೊ ಹಾಕಿ, ಇಷ್ಟು ರೂಪಾಯಿಗೆ ಒಬ್ಬ ಹುಡುಗಿಯನ್ನು ಉಳಿಸುತ್ತೇವೆ ಎಂದು ದರ ಹೇಳುವವರಿಗೆ ನಾನಾದರೆ ಕೊಡುವುದಿಲ್ಲ. ಛೇದನ ಮಾಡುವ ಮುದುಕಿಯರಿಗೆ ಬೇರೆ ಕಸುಬು ಕೊಡಿಸಿ ಕತ್ತಿ ಕೆಳಗಿಡಿಸುವುದಷ್ಟೇ ಮಾಡುವ ಯೋಜನೆಗಳಿಗೂ ಬೇಡ. ಮಾಡಿಸುವ ಮನೆಗಳು ಇರುವ ತನಕ ಮಾಡುವ ಕೈ ಇನ್ನೊಂದು ಸಿಕ್ಕೇ ಸಿಗುತ್ತದೆ.

ಟೋಸ್ಟಾನ್‌ಗೆ, ಎಡ್ನಾ ಅವರ ಆಸ್ಪತ್ರೆಗೆ ಕಳಿಸುವುದಾದರೆ ಅದು ಹೊರದೇಶಕ್ಕೆ ಹೋಗುವ ಹಣ. ನಿಮ್ಮ ಬ್ಯಾಂಕಿನಲ್ಲಿ ವಿದೇಶಕ್ಕೆ ದೇಣಿಗೆ ಕಳಿಸುವ ಅರ್ಜಿ ತುಂಬಬೇಕು, ದೇಣಿಗೆಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಇಲ್ಲಿನ ಸಂಸ್ಥೆಗೆ ಕೊಡುವುದಾದರೆ ಆ ವಿನಾಯಿತಿ ಕೊಡಿಸುವ ನೋಂದಣಿ ಇದೆಯೇ ಎಂದು ಕೇಳಿ, ಎರಡು ಸಾವಿರಕ್ಕಿಂತ ಹೆಚ್ಚಿನದನ್ನು ನಗದಾಗಿ ಕೊಟ್ಟರೆ ವಿನಾಯಿತಿ ಬರುವುದಿಲ್ಲ, ಚೆಕ್ಕಿನಲ್ಲೇ ಕೊಡಿ. ಒಂದೇ ಸಲ ಪೂರ್ತಿ ಕೊಟ್ಟುಬಿಡುವುದಕ್ಕಿಂತ ಮೂರು ವರ್ಷಕ್ಕೆ ಹಂಚಿ, ಪ್ರತಿ ವರ್ಷ ನಿಮ್ಮ ತಾಯಿಯ ತಿಥಿಯ ಹೊತ್ತಿಗೆ ಕಳಿಸಿ ಎನ್ನುವುದು ನನ್ನ ಸಲಹೆ. ಊರೂರಿಗೆ ನಡೆಯುವ ಕೆಲಸಕ್ಕೆ ಮುಂದಿನ ವರ್ಷವೂ ಹಣ ಬರುತ್ತದೆ ಎಂಬ ಭರವಸೆ ಬೇಕಾಗುತ್ತದೆ.

ಇನ್ನೊಂದು: ನಿಮ್ಮ ಪರಿಚಯದಲ್ಲೇ ಯಾವುದಾದರೂ ಮಗುವನ್ನು ಇದಕ್ಕೆ ಕರೆದೊಯ್ಯುತ್ತಾರೆಂದು ತಿಳಿದರೆ 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ ಅದು, ಬಾಲ್ಯವಿವಾಹಕ್ಕೂ ಅದೇ ನಂಬರು, ಹಗಲು ರಾತ್ರಿ ಎತ್ತುತ್ತಾರೆ.