ಕಾಗದದ ರಾಕೆಟ್ ಲಾಂಚರಿನ ಪಿಸ್ಟನ್ ಮಳಿಗಾಲದಾಗ ಯಾಕ ಸಿಕ್ಕೋತದ

ಸರ್, ಧಾರವಾಡದ ನಿಮ್ಮ ಸಾಲಿ ಪ್ರದರ್ಶನದ ಗಾಳಿ ಲಾಂಚರಿಗೆ ನೈಲಾನ್ ಪಿಸ್ಟನ್ ಹಾಕೀರಿ, ಏಪ್ರಿಲ್‌ದಾಗ ಸರಳ ಓಡ್ತಿತ್ತು, ಈಗ ಜುಲೈದಾಗ ಗ್ರೀಸ್ ಹಚ್ಚಿದ್ರೂ ಅಲುಗಾಡೂದಿಲ್ಲ ಅಂತ ಬರದೀರಿ. ಈ ಪಿಸ್ಟನ್ ರಾಕೆಟ್ ಕೊಳವಿಯ ಬಾಯಿ ಮುಚ್ಚಿಕೊಂಡಿರ್ತದ, ಅದರ ಹಿಂದಿನ ಗಾಳಿ ಬಿಟ್ರ ಥಟ್ಟನೆ ಹಿಂದ ಸರದು ಡಬ್ಬಿಯ ಗಾಳಿನ ಕೊಳವಿಗೆ ಬಿಡ್ತದ. ಈಗ ಸಿಕ್ಕೋಳೂದು ಗ್ರೀಸಿನ ತಪ್ಪಲ್ಲ. ನೈಲಾನ್ ಹವಾದಾಗಿನ ಪಸಿ ಹೀರಿ ಉಬ್ತದ. ಇಲ್ಲಿನ ಜಡಿಮಳಿಯೊಳಗ ವಾರಗಟ್ಟಲೆ ಇದ್ರ 50 ಮಿ.ಮೀ. ಪಿಸ್ಟನ್ ಕಾಲು ಮಿ.ಮೀ.ತನಕ ದಪ್ಪ ಆಗಬಹುದು. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವ ನೀವು ಬಿಟ್ಟ ಸಂದು 0.2 ಮಿ.ಮೀ. ತಿಕ್ಕಿ ಸಣ್ಣ ಮಾಡಬ್ಯಾಡ್ರಿ, ಬ್ಯಾಸಗಿಗೆ ಸಡಲಾಗಿ ಗಾಳಿ ಸೋರ್ತದ.

ಡೆಲ್ರಿನ್ ಅನ್ನೂ ಗಟ್ಟಿ ಪ್ಲಾಸ್ಟಿಕ್ ತಗೋರಿ. ಪಸಿ ಭಾಳ ಕಡಿಮಿ ಹೀರ್ತದ, ಲೇಥಿನ್ಯಾಗ ನುಣ್ಣಗ ಕೊರೀತದ. ಆದ್ರ ಅಂಗಡ್ಯಾಗ ಎರಡೂ ಬಿಳಿ ರಾಡೇ, ಕಣ್ಣಿಗೆ ಗೊತ್ತಾಗೂದಿಲ್ಲ. ತಕ್ಕಡಿಗೆ ಇಡ್ರಿ: 55 ಮಿ.ಮೀ. ದಪ್ಪದ 10 ಸೆಂ.ಮೀ. ತುಂಡು ಡೆಲ್ರಿನ್ ಇದ್ರ ಸುಮಾರು 335 ಗ್ರಾಂ, ನೈಲಾನ್ ಇದ್ರ 270. ಹುಬ್ಬಳ್ಳಿ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನ ಲೇಥ್‌ನವರಿಗೆ ಕೊಡೂ ಮುಂಚೆ ಇದೊಂದು ನೋಡ್ಕೋರಿ.

50 ಮಿ.ಮೀ. ಸಿಲಿಂಡರಿಗೆ ಪಿಸ್ಟನ್ 49.7. ಗಾಳಿ ಸೋರದಂಗ ಪಿಸ್ಟನ್ ಸುತ್ತ ಹಾಕೂ ರಬ್ಬರ್ ಬಳಿ, ಅಂದ್ರ ಓರಿಂಗ್, 3.5 ಮಿ.ಮೀ. ದಪ್ಪದ್ದು, ನೈಟ್ರೈಲ್ ರಬ್ಬರಿಂದು, ಅದು ಕೂಡೂ ಗ್ರೂವ್ ಆಳ 3, ಅಗಲ 4.8. ಅಗಲ ಕಡಿಮಿ ಮಾಡಿದ್ರ ಅದುಮಿದ ರಬ್ಬರಿಗೆ ಹೋಗಾಕ ಜಾಗ ಇರೂದಿಲ್ಲ, ಪಿಸ್ಟನ್ ಬಿಗೀತದ. ಹಿಂದಿನ ಭಾಗ ಟೊಳ್ಳು ಕೊರಸ್ರಿ. ಹಗುರ ಇದ್ದಷ್ಟು ಬೇಗ ಸರೀತದ, ರಾಕೆಟ್ ಮ್ಯಾಲ ಹೋಗೂದು ಅದರ ಮ್ಯಾಲ. ಅಲ್ಯೂಮಿನಿಯಂ ಇದಕ್ಕಿಂತ ಭಾರ, ಸ್ವಲ್ಪ ಓರಿ ಆತಂದ್ರ ಸಿಲಿಂಡರ್ ಗೀರ್ತದ. ಟೆಫ್ಲಾನ್ ಮೆತ್ತಗ, ಅದುಮಿದಲ್ಲಿ ಹಂಗ ಕೂತು ಆಕಾರ ಬಿಡ್ತದ. ಕಟ್ಟಿಗಿ ತೇಗದ್ದಾದ್ರೂ ಬ್ಯಾಡ.

ಕೊಳವಿ ಬಾಯಿ ಮುಚ್ಚೂ ಪಿಸ್ಟನ್ನಿನ ಮುಂದಿನ ಮುಖಕ್ಕ ಸೈಕಲ್ ಟ್ಯೂಬ್ ಸಾಲೂದಿಲ್ಲ, 3 ಮಿ.ಮೀ. ನೈಟ್ರೈಲ್ ಶೀಟ್ ಕತ್ತರಿಸಿ ಎಂ6 ಬೋಲ್ಟು, ಅಗಲ ವಾಶರ್, ತಾನಾಗಿ ಸಡಲಾಗದ ನೈಲಾಕ್ ನಟ್ಟಿನಿಂದ ಬಿಗೀರಿ. ಹಿಂದಿನ ಮುಚ್ಚಳಕ್ಕ 8 ಮಿ.ಮೀ. ರಬ್ಬರ್ ಅಂಟಸ್ರಿ, ಇಲ್ಲಂದ್ರ ಪಿಸ್ಟನ್ ಬಡದು ಬಡದು ಸೀಳ್ತದ. ಪಿಸ್ಟನ್ನಿನೊಳಗ ಹಿಂದಕ್ಕ ಗಾಳಿ ಹೋಗೂ ತೂತು 1 ಮಿ.ಮೀ. ಸಾಕು. ಅದು ದೊಡ್ಡದಾದ್ರ ನೀವು ಹಿಂದಿನ ವಾಲ್ವ್ ತಗದು ಗಾಳಿ ಬಿಟ್ಟಷ್ಟೂ ಮುಂದಿನಿಂದ ತುಂಬ್ತನ ಇರ್ತದ, ಪಿಸ್ಟನ್ ಜಾಗ ಬಿಡೂದಿಲ್ಲ. ಹಚ್ಚೂದು ಸಿಲಿಕೋನ್ ಗ್ರೀಸ್, ಬೆರಳಿಗೆ ಹತ್ತುವಷ್ಟ ಮಾತ್ರ.

ಇನ್ನ ಪೈಪ್. ಜಿ.ಐ. (ಸತುವು ಹಚ್ಚಿದ ಕಬ್ಬಿಣದ) ಪೈಪಿನ ಒಳಗ ಉಗುರಾಡಿಸಿ ನೋಡ್ರಿ, ವೆಲ್ಡಿಂಗಿನ ಏಣು ತಟ್ತದ. ಆ ಏಣು ಒಂದ ದಿನದಾಗ ಓರಿಂಗ್ ಕೊಯ್ತದ. ಗುಜರಿಯೊಳಗ ಒಳ ಅಗಲ 50 ಮಿ.ಮೀ. ಇರೂ ಹಳೇ ನ್ಯೂಮ್ಯಾಟಿಕ್ (ಗಾಳಿಯಿಂದ ಓಡೂ) ಸಿಲಿಂಡರ್ ಸಿಕ್ರ ಅದರ ಕೊಳವಿ ತಗೋರಿ, ಒಳಗ ಕನ್ನಡಿಯಂಗ ಇರ್ತದ. ಫೋಟೋದಾಗ ನಿಮ್ಮ ಗಾಳಿ ಡಬ್ಬಿ ಪಿ.ವಿ.ಸಿ. ಪೈಪಿಂದು ಕಾಣ್ತದ. ಅದನ್ನ ಇವತ್ತ ಬದಲಿಸ್ರಿ. ನೀರಿಗೆ ತಾಳೂ ಪೈಪ್ ಗಾಳಿ ತುಂಬಿದಾಗ ಒಡದ್ರ ಚೂರು ಚೂರಾಗಿ ಸಿಡೀತದ, ಸುತ್ತ ಹುಡುಗ್ರು ನಿಂತಿರ್ತಾರ. ಉಕ್ಕಿನ ಡಬ್ಬಿ, 3 ಬಾರ್‌ಗೆ ಬಿಡೂ ಸೇಫ್ಟಿ ವಾಲ್ವ್, ಸೈಕಲ್ ಪಂಪು. ಕಾಗದದ ರಾಕೆಟಿಗೆ ಅಷ್ಟ ಬೇಕಾದಷ್ಟಾತು.